ಅಳಿಸಲು ಜಾಗವಿಲ್ಲ

ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮದುವೆ ವಿಡಿಯೋ ಸ್ಟುಡಿಯೋ ನಡೆಸುತ್ತಿದ್ದ ಉಮಾಶಂಕರನಿಗೆ ಎರಡರ ಮೇಲೆ ಅಪಾರ ನಂಬಿಕೆ. ಒಂದು ತನ್ನ ಕಣ್ಣು, ಇನ್ನೊಂದು ತನ್ನ ಕಂಪ್ಯೂಟರು. ಯಾವುದು ಚೆಂದ, ಯಾವುದು ಅಂದಗೇಡು ಎಂದು ಕಣ್ಣು ಹೇಳುತ್ತಿತ್ತು. ಕಣ್ಣು ಒಲ್ಲೆ ಅಂದದ್ದನ್ನು ಕಂಪ್ಯೂಟರು ಕತ್ತರಿಸುತ್ತಿತ್ತು.

ಕಂಪ್ಯೂಟರಿನ ಮೇಲಿನ ನಂಬಿಕೆಗೆ ಒಂದು ಹಿನ್ನೆಲೆಯಿತ್ತು. ಹಿಂದೊಮ್ಮೆ ಎಲ್ಲಿಂದಲೋ ಬಂದ ವೈರಸ್ಸೊಂದು ಆ ವರ್ಷದ ಮದುವೆಗಳಿಗೆಲ್ಲ ಬೀಗ ಜಡಿದು, ಬಿಡಿಸಿಕೊಳ್ಳಬೇಕಾದರೆ ಡಾಲರಿನಲ್ಲಿ ಕಪ್ಪ ಕೊಡು ಎಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರೆದು ಕೂತಿತ್ತು. ಮದುವೆಯಾದವರು ಬಂದು ಅತ್ತರು, ಮದುವೆ ಮಾಡಿಸಿದವರು ಬಂದು ಬೈದರು. ಆ ಬೈಗುಳ ಕಿವಿಯಲ್ಲಿರುವಾಗಲೇ ಉಮಾಶಂಕರ ಹಳೆಯ ಸಿಸ್ಟಮ್ಮಿಗೆ ಕೈಮುಗಿದು ಲಿನಕ್ಸ್ ಹಿಡಿದ. ಅದನ್ನೂ ಇದನ್ನೂ ನೋಡಿ, ಓದಿ, ಕೆಡಿಸಿ, ಕಲಿತು, ಕೊನೆಗೆ ತನ್ನ ದೊಡ್ಡ ಡಿಸ್ಕುಗಳನ್ನು, ಫೈಲುಗಳನ್ನು ಜೋಡಿಸಿಡುವ ಬಿಟಿಆರ್‌ಎಫ್‌ಎಸ್ ಎಂಬ ಪದ್ಧತಿಗೆ ಒಗ್ಗಿಸಿದ. ಬಲ್ಲವರು ಅದನ್ನು ‘ಬಟರ್’ ಎನ್ನುತ್ತಾರೆ ಎಂದು ಗೊತ್ತಾದ ಮೇಲೆ ಅವನೂ ಹಾಗೆಯೇ ಅನ್ನತೊಡಗಿದ. ಕೇಳಿದವರು ಬೆಣ್ಣೆಯ ವ್ಯಾಪಾರ ಯಾವಾಗ ಶುರುಮಾಡಿದನೋ ಎಂದುಕೊಂಡರು.

ಈ ಬಟರಿನ ಗುಣವೆಂದರೆ, ಬರೆದದ್ದರ ಮೇಲೆ ಅದು ಮತ್ತೆ ಬರೆಯುವುದಿಲ್ಲ. ಏನಾದರೂ ಬದಲಾಯಿಸಿದರೆ ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಆಮೇಲೆ ‘ಇನ್ನು ಮುಂದೆ ಇಲ್ಲಿ ನೋಡಿ’ ಎಂದು ವಿಳಾಸ ತಿದ್ದುತ್ತದೆ. ಈ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಹಿಡಿದಿಡು ಎಂದರೆ ಹಿಡಿದಿಡುತ್ತದೆ. ಅದಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಹಳೆಯದೂ ಹೊಸದೂ ಒಂದೇ ಜಾಗವನ್ನು ಹಂಚಿಕೊಂಡು ಬಾಳುವುದರಿಂದ ಹೆಚ್ಚು ಖರ್ಚಿಲ್ಲ. ಉಮಾಶಂಕರ ದಿನಕ್ಕೊಂದು ಸ್ನ್ಯಾಪ್‌ಶಾಟ್ ತೆಗೆಸುತ್ತಿದ್ದ. ತಾನೇ ಕೈತಪ್ಪಿ ಅಳಿಸಿದರೂ ಮದುವೆ ಅಳಿಯಬಾರದು, ಅಷ್ಟು ಭದ್ರ.

ಡಿಸ್ಕನ್ನು ಹೇಗೆ ನಡೆಸಿಕೊಳ್ಳಬೇಕೆಂದು ಸಿಸ್ಟಮ್ಮಿಗೆ ಒಂದು ಸಾಲಿನಲ್ಲಿ ಅಪ್ಪಣೆ ಕೊಡಬೇಕು. ಮೌಂಟ್ ಆಪ್ಷನ್ ಅನ್ನುವುದು ಅದಕ್ಕೇ. ಆ ಸಾಲು ಉಮಾಶಂಕರನ ಕೈಯಲ್ಲಿ ಒಂದು ವಾರವೂ ಒಂದೇ ಥರ ಇದ್ದದ್ದಿಲ್ಲ. ಮೊದಲು ನೋಎಟೈಮ್ ಎಂದು ಸೇರಿಸಿದ. ಫೈಲನ್ನು ಕೊನೆಯ ಸಲ ಯಾವಾಗ ನೋಡಿದರು ಎಂದು ಬರೆದಿಡುವ ಗೋಜು ಬೇಡ ಎಂದು ಅದರ ಅರ್ಥ. ಯಾರೋ ಪರದೇಶದವನು ಇನ್ನೊಂದು ಪದ ಒಳ್ಳೆಯದೆಂದು ಬರೆದರೆ ಅದನ್ನು ಸೇರಿಸಿದ, ಮತ್ತೊಬ್ಬ ಕೆಟ್ಟದ್ದೆಂದರೆ ತೆಗೆದ. ಅಲ್ಪವಿರಾಮ ಹಾಕಿ ಹಾಕಿ ಆ ಸಾಲು ಗೂಡ್ಸ್ ಗಾಡಿಯ ಹಾಗೆ ಉದ್ದವಾಯಿತು.

ಸ್ಟುಡಿಯೋದಲ್ಲಿ ಆಲ್ಬಮ್ ಜೋಡಿಸುತ್ತಿದ್ದವಳು ಅವನ ಹೆಂಡತಿ ಕಾವ್ಯಶ್ರೀ. “ನಮ್ಮ ಲಗ್ನಪತ್ರಿಕೇನೂ ಇಷ್ಟು ಸಲ ತಿದ್ದಿರ್ಲಿಲ್ಲ ಕಣ್ರೀ. ಓಡ್ತಾ ಇರೋದನ್ನ ಯಾಕೆ ಮುಟ್ತೀರಾ?” ಎಂದು ಅವಳು ಕೇಳುತ್ತಿದ್ದಳು.

“ಓಡ್ತಾ ಇದೆ ಅಂತ ಗಾಡಿಗೆ ಆಯಿಲ್ ಹಾಕ್ದೇ ಇರ್ತಾರಾ?” ಎಂದು ಅವನು ಹೇಳುತ್ತಿದ್ದ.

ಹೀಗಿರುವಾಗ ವೈಶಾಖದಲ್ಲಿ ಕಂಪಲಾಪುರದ ಲಿಂಗರಾಜುವಿನ ಮಗಳ ಮದುವೆ ಬಂತು. ಲಿಂಗರಾಜು ಹೊಗೆಸೊಪ್ಪಿನ ಬೆಳೆಗಾರ, ಕೈ ಬಿಗಿ ಆದರೂ ಮಗಳ ವಿಷಯದಲ್ಲಿ ಸಡಿಲ. ಮಗಳು ಮಧುಶ್ರೀ ಹುಣಸೂರಿನಲ್ಲೇ ಬಿಕಾಂ ಓದಿದವಳು. ಹುಡುಗ ಎಚ್.ಡಿ. ಕೋಟೆ ಕಡೆಯ ಹಂಪಾಪುರದ ಕುಮಾರ್, ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಅಪ್ಪನಿಲ್ಲದ ಅವನನ್ನು ಸಾಕಿದವನು ದೊಡ್ಡಪ್ಪ ಚಲುವಯ್ಯ. ಎರಡೂ ಕಡೆಗೆ ನಂಟಾದ ಕೃಷ್ಣರಾಜನಗರದ ದಾಸಯ್ಯ ನಡುವೆ ನಿಂತು ಸಂಬಂಧ ಕೂಡಿಸಿದ್ದ. ಪಿರಿಯಾಪಟ್ಟಣದ ಛತ್ರದಲ್ಲಿ ಧಾರೆ. ವಿಡಿಯೋ ಉಮಾಶಂಕರನದು.

ಆ ಮದುವೆಯಲ್ಲಿ ಉಮಾಶಂಕರನ ಕಣ್ಣಿಗೆ ಬಿದ್ದ ಒಂದೇ ಒಂದು ಕಸವೆಂದರೆ ಚಲುವಯ್ಯ. ಕ್ಯಾಮೆರಾ ಎತ್ತ ತಿರುಗಿದರೂ ಅವನ ಅಗಲವಾದ ಬೆನ್ನು. ಮಾಂಗಲ್ಯ ಕಟ್ಟುವಾಗ ಅಡ್ಡ, ಆರತಿ ಎತ್ತುವಾಗ ಅಡ್ಡ. ಮುಖ ಇತ್ತ ತಿರುಗಿತೆಂದರೆ ಬಾಯಿತುಂಬ ಎಲೆಅಡಿಕೆ, ಅಡುಗೆಯವರಿಗೆ ಏನೋ ಗದರಿಕೆ. ಸ್ಟುಡಿಯೋಗೆ ಬಂದು ಎಡಿಟಿಂಗಿಗೆ ಕೂತ ಉಮಾಶಂಕರ ಚಲುವಯ್ಯ ಬಂದಲ್ಲೆಲ್ಲ ಕತ್ತರಿಸಿದ. ಎರಡನೆಯ ಕ್ಯಾಮೆರಾದ ತುಣುಕು ಹಾಕಿ, ಹೂವು ಹಾಕಿ, ದೀಪ ಹಾಕಿ, ಆಕಾಶದಿಂದ ಡ್ರೋನ್ ಹಿಡಿದ ಛತ್ರದ ಚಾವಣಿ ಹಾಕಿ, ಎರಡೂವರೆ ಗಂಟೆಯ ವಿಡಿಯೋವನ್ನು ಕನ್ನಡಿಯಂತೆ ಮಾಡಿದ. ತಾನು ಮಾಡಿದವುಗಳಲ್ಲೇ ಇದು ಶ್ರೇಷ್ಠ ಎಂದು ಕಾವ್ಯಶ್ರೀಗೆ ತೋರಿಸಿದ.

“ಗಂಡಿನ ದೊಡ್ಡಪ್ಪ ಎಲ್ಲೂ ಕಾಣ್ಲಿಲ್ವಲ್ಲ?” ಅಂದಳು ಅವಳು.

“ಊಟದ ಪಂಕ್ತೀಲಿ ಒಂದು ಕಡೆ ಇದಾರೆ.”

ವಿಡಿಯೋ ಹಂಪಾಪುರ ತಲುಪಿದ ದಿನ ಚಲುವಯ್ಯ ಮಿಂದು, ಗರಿಗರಿ ಪಂಚೆಯುಟ್ಟು, ಬೀದಿಯವರನ್ನೆಲ್ಲ ಕರೆದು ಟೀವಿಯ ಮುಂದೆ ಕೂತ. ಮೊದಲರ್ಧ ಗಂಟೆ ‘ಈಗ ಬತ್ತೀನಿ ನೋಡಿ’ ಎನ್ನುತ್ತಿದ್ದ. ಆಮೇಲೆ ಸುಮ್ಮನಾದ. ಎರಡು ಗಂಟೆಯ ಮೇಲೆ ಒಮ್ಮೆ ಬಂದ. ಬಾಯಿತುಂಬ ಅನ್ನ, ಚಾಚಿದ ಕೈ, ಇನ್ನೊಂದು ಸೌಟು ಪಲ್ಯಕ್ಕೆ. ನೆರೆದವರು ನಕ್ಕರು. ಚಲುವಯ್ಯ ಎದ್ದು ಟೀವಿಯ ಸ್ವಿಚ್ಚು ಒತ್ತಿದ.

ವಿಡಿಯೋದವನನ್ನು ಗೊತ್ತುಮಾಡಿದ್ದು ಹೆಣ್ಣಿನ ಕಡೆಯವರು. ಹಾಗಾಗಿ ಇದು ಬೀಗರು ಬೇಕೆಂದೇ ಮಾಡಿಸಿದ ಅವಮಾನ ಎಂದು ಅವನು ತೀರ್ಮಾನಿಸಿದ. ಫೋನಿನಲ್ಲಿ ಕೇಳಿದ್ದಕ್ಕೆ, ಅಂದು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಬಿಸಿಯಲ್ಲಿ ಬೇಯುತ್ತಿದ್ದ ಲಿಂಗರಾಜು, “ಮೊಕ ನೆಟ್ಗಿದ್ದಿದ್ರೆ ಬತ್ತಿತ್ತು ಕಣಪ್ಪ” ಅಂದುಬಿಟ್ಟ. ಆ ಮಾತನ್ನು ಚಲುವಯ್ಯ ಹಂಪಾಪುರದಲ್ಲೆಲ್ಲ ಹೇಳಿಕೊಂಡು ಬಂದ. ಆಷಾಢಕ್ಕೆಂದು ತವರಿಗೆ ಹೋದ ಮಧುಶ್ರೀಯನ್ನು ಶ್ರಾವಣದಲ್ಲಿ ಕರೆಯಲು ಯಾರೂ ಬರಲಿಲ್ಲ. ತಾವಾಗಿ ಕಳಿಸಿಕೊಡಲು ಇವರಿಗೆ ಮರ್ಯಾದೆ ಬಿಡಲಿಲ್ಲ. ಗೌರಿಹಬ್ಬ ಕಳೆಯಿತು, ದಸರೆ ಕಳೆಯಿತು.

ಸುದ್ದಿ ಉಮಾಶಂಕರನ ಕಿವಿಗೂ ಬಿತ್ತು. ಒಂದು ಫೋನ್ ಮಾಡಿ ‘ನಾನೇ ತೆಗೆದದ್ದು’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮುಂದಿನ ಲಗ್ನಕಾಲ ಹತ್ತಿರ ಬರುತ್ತಿತ್ತು. ಗಂಡಿನ ದೊಡ್ಡಪ್ಪನನ್ನೇ ತೆಗೆದ ಸ್ಟುಡಿಯೋ ಎಂಬ ಹೆಸರು ಹೊತ್ತರೆ ಯಾರು ಬರುತ್ತಾರೆ? ದೊಡ್ಡವರ ಜಗಳದ ನಡುವೆ ನಾವು ಬಾಯಿ ಹಾಕಬಾರದು ಎಂಬ ನೀತಿಯನ್ನು ಅವನು ಆ ತಿಂಗಳುಗಳಲ್ಲಿ ತುಂಬ ಶ್ರದ್ಧೆಯಿಂದ ಪಾಲಿಸಿದ.

ಕಾರ್ತಿಕದಲ್ಲಿ ದಾಸಯ್ಯ ಎರಡೂ ಮನೆಗೆ ಓಡಾಡಿ ಸೋತು, ಬಿಡುಗಡೆಯೇ ಸರಿ ಎಂಬಲ್ಲಿಗೆ ಮಾತು ತಂದ. ಒಡವೆ, ಪಾತ್ರೆ, ಸೀರೆ ಎಲ್ಲ ಅವರವರಿಗೆ ಹಿಂದಿರುಗಿದವು. ಉಳಿದದ್ದು ವಿಡಿಯೋ. ಮಗಳಿಗೆ ಬೇರೆ ಸಂಬಂಧ ನೋಡಬೇಕು, ಅದು ಭೂಮಿಯ ಮೇಲಿರಬಾರದು ಎಂದು ಲಿಂಗರಾಜು. ನನ್ನ ಮರ್ಯಾದೆ ಕಳೆದದ್ದು ಭೂಮಿಯ ಮೇಲಿರಬಾರದು ಎಂದು ಚಲುವಯ್ಯ. ಅಷ್ಟು ತಿಂಗಳಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ತಮ್ಮ ಕಣ್ಣೆದುರೇ ಅಳಿಸಬೇಕೆಂದರು. ಅವರ ಊರಿಗೆ ಇವರು ಬಾರರು, ಇವರ ಊರಿಗೆ ಅವರು ಬಾರರು. ಹುಣಸೂರು ನಡುವೆ ಇತ್ತು, ಸ್ಟುಡಿಯೋವೂ ಅಲ್ಲೇ ಇತ್ತು.

ಲಿಂಗರಾಜು ಫೋನ್ ಮಾಡಿ ಹೇಳಿದಾಗ ಉಮಾಶಂಕರನಿಗೆ ಸಂತೋಷವಾಯಿತು ಎಂದರೆ ಕೇಳುವವರಿಗೆ ಬೇಸರವಾದೀತು, ಆದರೆ ಆದದ್ದು ಅದೇ. ವಿಡಿಯೋ ಹೋದರೆ ಕತ್ತರಿಸಿದ ತುಣುಕುಗಳೂ ಹೋಗುತ್ತವೆ. ಸ್ನ್ಯಾಪ್‌ಶಾಟುಗಳನ್ನು ಆಮೇಲೆ ಅಳಿಸಿದರೆ ತಾನು ಮಾಡಿದ್ದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಮೂರನೆಯ ದಿನ ಬನ್ನಿ, ಒಂದು ನಿಮಿಷದ ಕೆಲಸ ಎಂದ.

ಆ ಎರಡು ದಿನದಲ್ಲಿ ಸುಮ್ಮನಿದ್ದಿದ್ದರೆ ಒಂದು ನಿಮಿಷದ ಕೆಲಸವೇ ಆಗುತ್ತಿತ್ತು. ಡಿಸ್ಕು ಮುಕ್ಕಾಲಿಗಿಂತ ಹೆಚ್ಚು ತುಂಬಿದ್ದನ್ನು ಕಂಡು, ಬರಲಿರುವ ಮದುವೆಗಳಿಗೆ ಜಾಗ ಮಾಡಬೇಕೆಂದು ಉಮಾಶಂಕರ ಮೌಂಟ್ ಸಾಲಿಗೆ ಕಂಪ್ರೆಸ್ ಎಂಬ ಪದ ಸೇರಿಸಿದ. ಬರೆಯುವುದನ್ನೆಲ್ಲ ಒತ್ತಿ ಕಿರಿದು ಮಾಡಿ ಬರೆ ಎಂದು ಅದರ ಅರ್ಥ. ಆಮೇಲೆ ಓದಿದರೆ, ಅದು ಇನ್ನು ಮುಂದೆ ಬರೆಯುವುದಕ್ಕೆ ಮಾತ್ರವಂತೆ. ಹಳೆಯದಕ್ಕೂ ಆಗಬೇಕಾದರೆ ಡೀಫ್ರ್ಯಾಗ್ ಎಂಬ ಇನ್ನೊಂದು ಆಜ್ಞೆ ಕೊಟ್ಟು ಎಲ್ಲವನ್ನೂ ಹೊಸದಾಗಿ ಬರೆಸಬೇಕಂತೆ. ಅದರ ಕೆಳಗೆ ಒಂದು ಎಚ್ಚರಿಕೆಯಿತ್ತು. ಅದನ್ನು ಓದುವ ಹೊತ್ತಿಗೆ ಕೃಷ್ಣರಾಜನಗರದಿಂದ ಒಂದು ನಾಮಕರಣದವರು ಕಾರು ಕಳಿಸಿದ್ದರು. ಆಜ್ಞೆ ಕೊಟ್ಟು, ಕ್ಯಾಮೆರಾ ಹೆಗಲಿಗೇರಿಸಿ ಹೊರಟ.

ಎಚ್ಚರಿಕೆ ಹೇಳುತ್ತಿದ್ದದ್ದು ಇಷ್ಟೇ. ಹಳೆಯದೂ ಹೊಸದೂ ಹಂಚಿಕೊಂಡಿರುವ ಜಾಗವನ್ನು ಈ ಆಜ್ಞೆ ಬೇರೆ ಮಾಡುತ್ತದೆ. ಕೂಡಿ ಬಾಳುತ್ತಿದ್ದ ಮನೆ ಇಬ್ಭಾಗವಾಗಿ ಎರಡು ಒಲೆ ಹೂಡಿದ ಹಾಗೆ. ಸ್ನ್ಯಾಪ್‌ಶಾಟುಗಳು ಹಳೆಯ ಜಾಗವನ್ನು ಬಿಡಲಿಲ್ಲ, ಹೊಸದಾಗಿ ಬರೆದದ್ದಕ್ಕೆ ಬೇರೆ ಜಾಗ ಬೇಕಾಯಿತು. ಅದೂ ಅಲ್ಲದೆ ವಿಡಿಯೋ ಫೈಲೆಂದರೆ ಆಗಲೇ ಹಿಂಡಿದ ಕಬ್ಬಿನ ಸಿಪ್ಪೆ, ಎಷ್ಟು ಒತ್ತಿದರೂ ಹನಿ ಹೊರಡದು. ಜಾಗ ಉಳಿಸಲು ಹೊರಟ ಆಜ್ಞೆ ಉಳಿದ ಜಾಗವನ್ನೆಲ್ಲ ತಿಂದು ಕೂತಿತು.

ಪಂಚಾಯ್ತಿಯ ದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಕೂರಲು ಜಾಗ ಸಾಲದೆ, ಗಂಡುಹೆಣ್ಣಿನ ಫೋಟೋಗೆಂದು ಇಟ್ಟಿದ್ದ ಕೆಂಪು ಮಕಮಲ್ಲಿನ ಎರಡು ಸಿಂಹಾಸನಗಳನ್ನು ಮುಂದಕ್ಕೆ ಎಳೆಯಬೇಕಾಯಿತು. ಲಿಂಗರಾಜು ಒಂದರಲ್ಲಿ ಕೂತ. ಅದನ್ನು ನೋಡಿ ಚಲುವಯ್ಯ ಕೆಳಗೆ ಕೂರುವುದುಂಟೇ, ಇನ್ನೊಂದನ್ನು ಹಿಡಿದ. ಹಿಂದೆ ಬಣ್ಣದ ಪರದೆಯ ಮೇಲೆ ಜಲಪಾತ. ಬೀಗರಿಬ್ಬರೂ ಮುಖ ತಿರುಗಿಸಿಕೊಂಡು ಆರತಕ್ಷತೆಗೆ ಕೂತ ಜೋಡಿಯ ಹಾಗೆ ಕಾಣುತ್ತಿದ್ದರು. ದಾಸಯ್ಯ ಸ್ಟೂಲಿನ ಮೇಲೆ. ಮಧುಶ್ರೀ ಕಾವ್ಯಶ್ರೀಯ ಪಕ್ಕ. ಕುಮಾರ್ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ಎರಡೂ ಕಡೆಯವರು ತಂತಮ್ಮ ಪೆನ್‌ಡ್ರೈವುಗಳನ್ನು ದಾಸಯ್ಯನ ಮುಂದಿಟ್ಟರು. ಅವನು ಲೈಟ್ ಸ್ಟ್ಯಾಂಡಿಗೆ ತೂಕ ಕಟ್ಟುವ ಕಬ್ಬಿಣದ ಗುಂಡಿನಿಂದ ಅವನ್ನು ಜಜ್ಜಿದ.

“ಈಗ ನಿಂದು ಕಣಪ್ಪ” ಎಂದ ಉಮಾಶಂಕರನಿಗೆ.

ಉಮಾಶಂಕರ ಗೋಡೆಯ ದೊಡ್ಡ ಟೀವಿಗೂ ಕಾಣುವ ಹಾಗೆ ಮಾಡಿ, ಮದುವೆಯ ಫೋಲ್ಡರನ್ನು ಆರಿಸಿ, ಅಳಿಸುವ ಆಜ್ಞೆ ಕೊಟ್ಟ. ಕಂಪ್ಯೂಟರು ಯೋಚಿಸಿತು. ಒಂದು ಸಾಲು ಬಂತು. ಅವನು ಮತ್ತೆ ಒತ್ತಿದ. ಇನ್ನೊಂದು ಸಾಲು ಬಂತು.

“ಏನಂತೆ?” ದಾಸಯ್ಯ ಕೇಳಿದ.

ಉಮಾಶಂಕರ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಧುಶ್ರೀ ಓದಿದಳು. “ಡಿಸ್ಕಲ್ಲಿ ಜಾಗ ಇಲ್ವಂತೆ ಮಾವ.”

“ಇಡಕ್ಕೆ ಜಾಗ ಇಲ್ಲ ಅನ್ನು, ಒಪ್ತೀನಿ. ಅಳ್ಸಕ್ಕೆ ಯಾಕ್ಲಾ ಜಾಗ?”

“ಅದು ಹೆಂಗೆ ಅಂದ್ರೆ ಯಜಮಾನ್ರೇ,” ಎಂದ ಉಮಾಶಂಕರ, ಬೆವರು ಒರೆಸಿಕೊಂಡು, “ಇದು ಹಳೇದನ್ನ ಉಜ್ಜಿ ಹಾಕಲ್ಲ. ‘ಇದು ಇನ್ನಿಲ್ಲ’ ಅಂತ ಬೇರೆ ಕಡೆ ಹೊಸದಾಗಿ ಬರ್ಕೋಬೇಕು. ಹಂಗೆ ಬರ್ಕೊಳ್ಳೋಕೂ ಒಂಚೂರು ಜಾಗ ಬೇಕು.”

ದಾಸಯ್ಯ ತಲೆದೂಗಿದ. “ಸತ್ತೋನು ಸತ್ತ ಅನ್ನಕ್ಕೂ ಒಂದ್ ಕಾಗ್ದ ಬೇಕಲ್ಲ, ಅಂಗೆ.”

“ನಾಟ್ಕ,” ಎಂದ ಚಲುವಯ್ಯ. “ದುಡ್ ಕೊಟ್ಟಿರೋರು ಯೋಳ್ಕೊಟ್ಟವ್ರೆ.”

“ನಾನ್ ಯಾಕಯ್ಯ ಯೋಳ್ಕೊಡ್ಲಿ? ನನ್ ಮಗಳ ಬಾಳು ಕಣಯ್ಯ ಅದು,” ಎಂದ ಲಿಂಗರಾಜು, ಜಲಪಾತದ ಕಡೆ ನೋಡುತ್ತ.

ಉಮಾಶಂಕರ ಮೂರನೆಯ ಸಲ ಒತ್ತಿದ. ಈ ಸಲ ಬಂದ ಸಾಲು ಬೇರೆಯಾಗಿತ್ತು. ಬಟರು ರೇಗಿತ್ತು. ಇದ್ದದ್ದನ್ನಾದರೂ ಕಾಪಾಡೋಣವೆಂದು ಅದು ಡಿಸ್ಕಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿತ್ತು.

“ಈಗೇನು?” ಎಂದ ದಾಸಯ್ಯ.

“ರೀಡ್ ಓನ್ಲಿ,” ಎಂದಳು ಮಧುಶ್ರೀ. ಅವಳ ತುಟಿಯ ಅಂಚಿನಲ್ಲಿ ಏನೋ ಇತ್ತು. “ಅಂದ್ರೆ, ಎಷ್ಟ್ ಬೇಕಾದ್ರೂ ನೋಡ್ಬೋದಂತೆ. ಅಳ್ಸೋಕ್ ಮಾತ್ರ ಆಗಲ್ವಂತೆ.”

ಎದ್ದು ಹೋಗುವ ಹಾಗೂ ಇಲ್ಲ, ಕೂತು ಮಾಡುವುದೂ ಏನಿಲ್ಲ. ಉಮಾಶಂಕರ ಎರಡು ದಿನ ಟೈಮು ಕೊಡಿ, ಸರಿಮಾಡಿ ಅಳಿಸಿ ಫೋನ್ ಮಾಡುತ್ತೇನೆ ಎಂದ. ಚಲುವಯ್ಯ ಒಪ್ಪಲಿಲ್ಲ. ಇಷ್ಟು ಹೊತ್ತು ಅಳಿಸಿದಂತೆ ನಟಿಸಿದ್ದು ನಮ್ಮದೇ ಮದುವೆಯೋ, ಇನ್ನಾರದೋ ಎಂದ.

“ಅದ್ರಲ್ಲೇನದೆ ಅಂತ ತೋರ್ಸು ಮೊದ್ಲು. ಕಣ್ಣಲ್ ನೋಡ್ದೇ ನಾನ್ ನಂಬೋನಲ್ಲ.”

ಉಮಾಶಂಕರ ಎಡಿಟ್ ಮಾಡಿದ ವಿಡಿಯೋ ಹುಡುಕಲು ಕೈಚಾಚಿದ. ಅಷ್ಟರಲ್ಲಿ ಬಾಗಿಲಲ್ಲಿದ್ದ ಕುಮಾರ್, ಅಂದು ಬೆಳಗಿನಿಂದ ಒಂದೂ ಮಾತಾಡದವನು, ಒಳಗೆ ಬಂದು ಬಗ್ಗಿ ಕಣ್ಣಿಗೆ ಬಿದ್ದ ಮೊದಲ ಫೈಲನ್ನೇ ಒತ್ತಿಬಿಟ್ಟ. ಅದು ಕತ್ತರಿಸದ ಮೂಲ ತುಣುಕು.

ಟೀವಿಯ ತುಂಬ ಒಂದು ಬೆನ್ನು ಬಂತು. ಬಿಳಿ ಷರಟು, ಹೆಗಲಲ್ಲಿ ಜರಿ ಅಂಚಿನ ಶಲ್ಯ. ಬೆನ್ನಿನ ಆಚೆ ಎಲ್ಲೋ ವಾದ್ಯದ ಸದ್ದು, ಪುರೋಹಿತರ ಮಂತ್ರ. ಹೆಣ್ಣಿಲ್ಲ, ಗಂಡಿಲ್ಲ, ಮಂಟಪವೂ ಇಲ್ಲ. ಬೆನ್ನೇ.

“ಯಾವನ್ಲಾ ಅವ್ನು, ಗೋಡೆ ನಿಂತಂಗೆ ಅಡ್ಡ ನಿಂತಿರೋನು?” ಎಂದ ಚಲುವಯ್ಯ. “ಮದ್ವೆಗೆ ಬಂದ್ಮೇಲೆ ವಸಿ ಗ್ಯಾನ ಬ್ಯಾಡ್ವಾ?”

ಬೆನ್ನು ತಿರುಗಿತು. ಚಲುವಯ್ಯನ ಮುಖ ಗೋಡೆಯಗಲ ಬೆಳಗಿತು.

ಲಿಂಗರಾಜು ಕೆಮ್ಮಿದ. ಕಾವ್ಯಶ್ರೀ ಸೆರಗಿನ ಹಿಂದೆ ಮುಖ ಮಾಡಿಕೊಂಡಳು. ಕುಮಾರ್ ಗಾಬರಿಯಲ್ಲಿ ಇನ್ನೊಂದು ಒತ್ತಿದ. ಅದರಲ್ಲೂ ಅವನೇ, ಅಕ್ಕಿಯ ಚೀಲ ಇಳಿಸುತ್ತ. ಮತ್ತೊಂದು, ಯಾರದೋ ಅಜ್ಜಿಯನ್ನು ಕೈಹಿಡಿದು ಕುರ್ಚಿಗೆ ಕರೆತರುತ್ತ. ಇನ್ನೊಂದು ಧಾರೆಯದು. ಎಲ್ಲರೂ ಸಾಲಾಗಿ ಬಂದು ಹೆಣ್ಣುಗಂಡಿನ ಕೈಮೇಲೆ ಹಾಲೆರೆಯುತ್ತಿದ್ದರು. ಚಲುವಯ್ಯನ ಸರದಿ ಬಂದಾಗ ಅವನು ತಂಬಿಗೆ ಹಿಡಿದು ಹಾಗೇ ನಿಂತ. ಎರೆಯಲಿಲ್ಲ. ಪುರೋಹಿತರು ಎರಡು ಸಲ ಹೇಳಿದ ಮೇಲೆ ಎರೆದ. ಆಮೇಲೆ ಪಕ್ಕಕ್ಕೆ ಸರಿದು, ಶಲ್ಯದ ತುದಿಯಿಂದ ಕಣ್ಣನ್ನೂ ಮೂಗನ್ನೂ ಒಟ್ಟಿಗೆ ಒರೆಸಿಕೊಂಡು, ಯಾರಿಗೂ ಅಲ್ಲದೆ ಹೇಳಿದ: “ಅವ್ನಿದ್ದಿದ್ರೆ ಅವ್ನ್ ಉಯ್ತಿದ್ದ.” ಅವನೆಂದರೆ ತೀರಿಹೋದ ತಮ್ಮ, ಕುಮಾರನ ಅಪ್ಪ.

ಈ ತುಣುಕನ್ನು ಉಮಾಶಂಕರ ತೆಗೆದಿದ್ದದ್ದು ಮೂಗಿನ ದೆಸೆಯಿಂದ.

ತುಣುಕು ಮುಗಿದು ಟೀವಿ ಕಪ್ಪಾಯಿತು. ಚಲುವಯ್ಯ ಸಿಂಹಾಸನದ ಅಂಚಿಗೆ ಸರಿದು ಕೂತ.

“ಇದೂ ಇತ್ತಾ?”

“ಇತ್ತು,” ಎಂದ ಉಮಾಶಂಕರ.

“ತಗ್ಸಿದ್ದು ಯಾರು?”

ಚಲುವಯ್ಯ ಲಿಂಗರಾಜುವಿನ ಕಡೆ ತಿರುಗಿದ. ಅಷ್ಟು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಮುಖ ನೋಡಿಕೊಂಡದ್ದು. ಲಿಂಗರಾಜುವಿನ ಕಣ್ಣೂ ತೇವವಾಗಿತ್ತು. “ದೇವ್ರಾಣೆ ನಾನಿದ್ನ ನೋಡೇ ಇಲ್ಲ ಕಣಣ್ಣ. ನೋಡಿದ್ರೆ ಬುಡ್ತಿದ್ನಾ?”

ಆಗ ಎಲ್ಲರೂ ಉಮಾಶಂಕರನ ಕಡೆ ತಿರುಗಿದರು. ಅವನ ತಲೆಯಲ್ಲಿ ಒಳ್ಳೊಳ್ಳೆಯ ಉತ್ತರಗಳು ಓಡಾಡಿದವು. ಕಂಪ್ಯೂಟರು ತಾನಾಗಿ ತೆಗೆದಿರಬಹುದು. ಮೌಂಟ್ ಆಪ್ಷನ್ನಿನಲ್ಲಿ ಏನೋ ಹೆಚ್ಚುಕಡಿಮೆ. “ಜಾಗ ಸಾಲ್ದೆ...” ಎಂದು ಶುರುಮಾಡಿ ಕಾವ್ಯಶ್ರೀಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು, ಮಾತು ಮುಗಿಸಲಿ ಎಂದು ಕಾಯುವವಳ ಹಾಗೆ.

“ನಾನೇ ತೆಗೆದಿದ್ದು,” ಎಂದ ಉಮಾಶಂಕರ. “ಫ್ರೇಮು ಚೆಂದ ಇರ್ಲಿ ಅಂತ. ಯಾರೂ ಹೇಳಿರ್ಲಿಲ್ಲ.”

ಮುಂದಿನ ಅರ್ಧ ಗಂಟೆ ಬೀಗರಿಬ್ಬರೂ ಒಂದೇ ಬಾಯಾಗಿ ಅವನನ್ನು ಬೈದರು. ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ. ನಡುವೆ ‘ನೀವ್ ಯೋಳಿ ಬೀಗ್ರೆ’, ‘ಇಲ್ಲ, ನೀವೇ ಯೋಳಿ’ ಎಂಬ ಉಪಚಾರವೂ ನಡೆಯಿತು. ದಾಸಯ್ಯ ತಾನು ತಿಂಗಳುಗಟ್ಟಲೆ ಬಸ್ಸು ಹತ್ತಿಳಿದು ಮಾಡಲಾಗದ್ದನ್ನು ಈ ಬೈಗುಳ ಮಾಡುತ್ತಿರುವುದನ್ನು ನೋಡಿ ಅಡ್ಡ ಹೋಗಲಿಲ್ಲ. ಟೀ ತರಿಸುವ ಖರ್ಚು ಉಮಾಶಂಕರನ ಪಾಲಿಗೆ ಬಂತು.

ಟೀ ಆದ ಮೇಲೆ ಚಲುವಯ್ಯ ಎದ್ದುನಿಂತು, “ಆಯ್ತು, ಬುಡು. ವೊಸಾ ವಿಡಿಯೋ ಮಾಡ್ಕೊಡ್ಲಿ. ನಾಡಿದ್ದು ಸ್ವಾಮಾರ ಬಂದು ಮಗೀನ್ನ ಕರ್ಕೊಂಡೋಯ್ತೀವಿ,” ಎಂದ.

“ಅಂಗೇ ಆಗ್ಲಿ ಬೀಗ್ರೆ,” ಎಂದ ಲಿಂಗರಾಜು.

“ಏನವ್ವಾ, ಸರಿನಾ?” ಎಂದು ದಾಸಯ್ಯ ಬಾಯಿಮಾತಿಗೆ ಮಧುಶ್ರೀಯನ್ನು ಕೇಳಿದ.

“ಓ, ನನ್ನೂ ಕೇಳ್ತೀರಾ ಮಾವ?” ಎಂದಳು ಅವಳು. ದನಿ ಮೆತ್ತಗಿತ್ತು. “ಬಿಡ್ಸೋವಾಗ ಯಾರೂ ಕೇಳ್ಲಿಲ್ಲ. ಈಗ ಕೂಡ್ಸೋವಾಗ್ಲಾದ್ರೂ ಕೇಳಿದ್ರಲ್ಲ. ದೊಡ್ಡಪ್ಪ ಬಂದು ಕರೆಯೋದು ಬೇಡ. ಇವ್ರು ಬರ್ಲಿ. ಒಬ್ರೇ ಬರ್ಲಿ. ಬಂದು, ಇಷ್ಟ್ ದಿನ ಯಾಕ್ ಬರ್ಲಿಲ್ಲ ಅಂತ ನಂಗೆ ಹೇಳ್ಲಿ. ಆಮೇಲ್ ನೋಡೋಣ.”

ಕುಮಾರ್ ತನ್ನ ಚಪ್ಪಲಿ ನೋಡಿಕೊಂಡ. “ಬತ್ತೀನಿ,” ಎಂದ.

ಅವರೆಲ್ಲ ಹೋದ ಮೇಲೆ ಉಮಾಶಂಕರ ಬಾಗಿಲು ಹಾಕಿಕೊಂಡು ಡಿಸ್ಕಿನ ಚಿಕಿತ್ಸೆಗೆ ಕೂತ. ತಾನು ಓದದೆ ಬಿಟ್ಟಿದ್ದ ಎಚ್ಚರಿಕೆಯನ್ನು ಈಗ ಎರಡು ಸಲ ಓದಿದ. ಮೌಂಟ್ ಸಾಲಿನಿಂದ ಕಂಪ್ರೆಸ್ ತೆಗೆದ. ಅದರ ಜೊತೆಗೆ, ಏಕೆ ಸೇರಿಸಿದೆನೆಂದು ಈಗ ನೆನಪಿಲ್ಲದ ಮೂರು ನಾಲ್ಕು ಪದಗಳನ್ನೂ ತೆಗೆದ. ಬೇರೊಂದು ಡಿಸ್ಕನ್ನು ತಾತ್ಕಾಲಿಕವಾಗಿ ಜೋಡಿಸಿ, ಬಟರಿಗೆ ಉಸಿರಾಡಲು ಜಾಗ ಕೊಟ್ಟು, ಹಳೆಯ ಸ್ನ್ಯಾಪ್‌ಶಾಟುಗಳನ್ನು ಒಂದೊಂದಾಗಿ ಅಳಿಸಿದ. ಅವುಗಳ ಹಿಡಿತ ಸಡಿಲವಾದಂತೆ ಡಿಸ್ಕು ಅರ್ಧಕ್ಕರ್ಧ ಖಾಲಿಯಾಯಿತು. ಖಾಲಿ ಜಾಗ ಕಂಡು ಅವನಿಗೆ ಮತ್ತೆ ತನ್ನ ಬುದ್ಧಿಯ ಮೇಲೆ ನಂಬಿಕೆ ಬಂತು.

ಹೊಸ ವಿಡಿಯೋ ಮಾಡಿದ. ಈ ಸಲ ಯಾವ ತುಣುಕು ಬಿಡುವುದಕ್ಕೂ ಕೈ ಬರಲಿಲ್ಲ. ಮಾಂಗಲ್ಯಧಾರಣೆಯಲ್ಲಿ ಚಲುವಯ್ಯನ ಬೆನ್ನು, ಆರತಿಯಲ್ಲಿ ಚಲುವಯ್ಯನ ಬೆನ್ನು, ಬೀಳ್ಕೊಡುಗೆಯಲ್ಲಿ ಚಲುವಯ್ಯನ ಎರಡೂ ಬದಿ. ಹಂಪಾಪುರದಲ್ಲಿ ಮತ್ತೆ ಬೀದಿಯೆಲ್ಲ ಸೇರಿ ನೋಡಿತಂತೆ. ಲಿಂಗರಾಜು ಮಾತ್ರ ನಾಲ್ಕು ದಿನ ಬಿಟ್ಟು ಫೋನ್ ಮಾಡಿ, “ಎಲ್ಲಾ ಚೆನ್ನಾಗದೆ ಕಣಪ್ಪ. ಮದ್ವೆ ಆಗಿದ್ದು ಯಾರ್ದು ಅಂತ ಮಾತ್ರ ಗೊತ್ತಾಗಲ್ಲ,” ಎಂದ.

ಈ ಸುದ್ದಿ ಉಮಾಶಂಕರ ಅಂಜಿದ್ದಕ್ಕೆ ತೀರ ಉಲ್ಟಾ ಹಬ್ಬಿತು. ಹುಣಸೂರಿನವನು ಯಾರನ್ನೂ ಬಿಡದೆ ಹಾಕುತ್ತಾನಂತೆ ಎಂದು ಜನ ಬರತೊಡಗಿದರು. ಅಡ್ವಾನ್ಸು ಕೊಡುವಾಗಲೇ ‘ನಮ್ಮ ಭಾವನ್ನ ಬಿಡ್ಬ್ಯಾಡ’, ‘ನಮ್ಮತ್ತೆ ಬೇಜಾರ್ ಮಾಡ್ಕೊತಾರೆ’ ಎನ್ನುತ್ತಿದ್ದರು. ಅಂದಚೆಂದ ಕಾಣುವ ಉಮಾಶಂಕರನ ಕಣ್ಣಿಗೆ ಆ ಲಗ್ನಕಾಲ ಪೂರ್ತಿ ರಜಾ ಸಿಕ್ಕಿತು.

ಸಂಕ್ರಾಂತಿ ಆದ ಮೇಲೆ ಒಂದು ಮಧ್ಯಾಹ್ನ ಕುಮಾರ್ ಮತ್ತು ಮಧುಶ್ರೀ ಬೈಕಿನಲ್ಲಿ ಬಂದು ಇಳಿದರು. ಕುಮಾರ್ ಒಬ್ಬನೇ ಕಂಪಲಾಪುರಕ್ಕೆ ಹೋಗಿ, ಹಿತ್ತಲಲ್ಲಿ ಬಹಳ ಹೊತ್ತು ನಿಂತು, ಏನೇನೋ ಹೇಳಿ, ಅವಳನ್ನು ಕರೆತಂದಿದ್ದ ಎಂದು ಕಾವ್ಯಶ್ರೀಗೆ ಗೊತ್ತಿತ್ತು. ಏನು ಹೇಳಿದ ಎಂಬುದು ಯಾರಿಗೂ ಗೊತ್ತಾಗಿರಲಿಲ್ಲ.

“ಅಣ್ಣಾ, ಹಳೇ ವಿಡಿಯೋ ಇದ್ಯಾ?” ಎಂದಳು ಮಧುಶ್ರೀ.

“ಯಾವ್ದಮ್ಮ?”

“ಮೊದಲ್ನೇದು.” ಅವಳು ಒಮ್ಮೆ ಬೀದಿಯ ಕಡೆ ನೋಡಿ ದನಿ ತಗ್ಗಿಸಿದಳು. “ದೊಡ್ಡಪ್ಪ ಇಲ್ದೇ ಇರೋದು. ಹೊಸದ್ರಲ್ಲಿ ತಾಳಿ ಕಟ್ಟಿದ್ದೇ ಕಾಣಲ್ಲ. ನಮಗೇ ಅಂತ ಇಟ್ಕೊಳ್ಳೋಕೆ. ಯಾರಿಗೂ ತೋರ್ಸಲ್ಲ.”

ಉಮಾಶಂಕರನ ಎದೆ ಉಬ್ಬಿತು. ಕೊನೆಗೂ ತನ್ನ ಕಣ್ಣನ್ನು ಮೆಚ್ಚಿದವರು ಸಿಕ್ಕಿದರು. “ನಮ್ಮ ಡಿಸ್ಕಿಗೆ ಒಂದ್ಸಲ ಬಂದಿದ್ದು ಎಲ್ಲಿಗೂ ಹೋಗಲ್ಲಮ್ಮ. ಕೂತ್ಕೊಳ್ಳಿ,” ಎಂದು ಹುಡುಕತೊಡಗಿದ.

ಹೊಸದು ಸಿಕ್ಕಿತು. ಎಂದಿನ ಅಭ್ಯಾಸದಂತೆ ಹೊಸದನ್ನು ಹಳೆಯದರ ಹೆಸರಿನಲ್ಲೇ ಉಳಿಸಿದ್ದ. ಹಳೆಯದು ಸ್ನ್ಯಾಪ್‌ಶಾಟಿನಲ್ಲಿ ಇದ್ದೇ ಇರುತ್ತದಲ್ಲ ಎಂಬ ಧೈರ್ಯ. ಸ್ನ್ಯಾಪ್‌ಶಾಟುಗಳ ಜಾಗಕ್ಕೆ ಹೋದ. ಅಲ್ಲಿದ್ದ ಅತಿ ಹಳೆಯ ಸ್ನ್ಯಾಪ್‌ಶಾಟು ಪಂಚಾಯ್ತಿಯಾದ ಮೇಲಿನ ವಾರದ್ದು, ಹೊಸ ವಿಡಿಯೋ ಮುಗಿದ ಮೇಲಿನದು. ಅದಕ್ಕೂ ಹಿಂದಿನವನ್ನು ಜಾಗಕ್ಕಾಗಿ ತನ್ನ ಕೈಯಾರೆ ಅಳಿಸಿದ್ದು ಆಗ ನೆನಪಾಯಿತು. ಉಳಿದಿದ್ದ ಎರಡು ಪೆನ್‌ಡ್ರೈವುಗಳನ್ನು ದಾಸಯ್ಯ ಇದೇ ಕೋಣೆಯಲ್ಲಿ ಜಜ್ಜಿದ್ದ.

“ಇಲ್ಲ ಕಣಮ್ಮ,” ಎಂದ.

ಮಧುಶ್ರೀ ಅವನ ಕಡೆ ತಿರುಗಿದಳು. “ಅಷ್ಟೂ ಜನ ಕೂತ್ಕೊಂಡು ಅಳ್ಸಿ ಅಂದಾಗ ಅಳ್ಸೋಕಾಗ್ಲಿಲ್ಲ. ಯಾರೂ ಕೇಳ್ದೇ ಇದ್ದಾಗ ಅಳ್ಸಿದೀರಾ?” ಎಂದಳು. ಸಿಟ್ಟಿರಲಿಲ್ಲ, ಲೆಕ್ಕ ತಿಳಿದುಕೊಳ್ಳುವವಳ ದನಿಯಿತ್ತು.

ಉಮಾಶಂಕರ ಮತ್ತೆ ಮಾಡಿಕೊಡುತ್ತೇನೆಂದ. ಯಾವ ತುಣುಕಿನ ಮೇಲೆ ಯಾವುದು ಬಂದಿತ್ತೆಂದು ಒಂಚೂರೂ ನೆನಪಿಲ್ಲ, ಆದರೂ ಮಾಡುತ್ತೇನೆಂದ. ಕಾವ್ಯಶ್ರೀ ಅವನ ಕುರ್ಚಿಯ ಬೆನ್ನು ಹಿಡಿದು, “ನೀವ್ ಏಳಿ,” ಎಂದಳು. “ಮೂಲ ತುಣುಕೆಲ್ಲ ಇದಾವೆ. ಬಾ ಮಧು, ನಾವೇ ನೋಡೋಣ. ಯಾವ್ದು ಇರ್ಬೇಕು ಅಂತ ನೀನ್ ಹೇಳು.”

ಇಬ್ಬರೂ ಕೂತರು. ಕುಮಾರ್ ಹಿಂದೆ ನಿಂತ. ಬೆನ್ನುಗಳು ಒಂದೊಂದಾಗಿ ಹೋದವು. ಅಕ್ಕಿಯ ಚೀಲ ಹೋಯಿತು, ಎಲೆಅಡಿಕೆ ಹೋಯಿತು. ಧಾರೆಯ ತುಣುಕು ಬಂದಾಗ ಕಾವ್ಯಶ್ರೀಯ ಕೈ ಅದರ ಮೇಲೆ ಹೋಗುವ ಮೊದಲೇ ಕುಮಾರ್, “ಇದೊಂದ್ ಇರ್ಲಿ ಅಕ್ಕ,” ಎಂದ.

ಮಧುಶ್ರೀ ತಿರುಗಿ ಅವನನ್ನು ನೋಡಿದಳು. “ಇರ್ಲಿ,” ಎಂದಳು. “ಪೂರ್ತಿ ಇರ್ಲಿ.”

“ಪೂರ್ತಿ ಬೇಡಮ್ಮ, ಹಾಲು ಹುಯ್ಯೋವರ್ಗೂ ಇಟ್ಟು, ಆ ಶಲ್ಯ ಮುಖಕ್ಕೆ ಬರೋದ್ರೊಳಗೆ...” ಎಂದು ಉಮಾಶಂಕರ ಬೆರಳು ಚಾಚಿದ.

“ರೀ, ಹೋಗಿ ಟೀ ತಗೊಂಡ್ ಬನ್ನಿ,” ಎಂದಳು ಕಾವ್ಯಶ್ರೀ.

ಅವನು ಹೋದ. ಮೂಲೆಯ ಅಂಗಡಿಯಲ್ಲಿ ಹಾಲು ಕಾಯುವುದು ತಡವಾಯಿತು. ಫ್ಲಾಸ್ಕು ಹಿಡಿದು ಹಿಂದಿರುಗಿದಾಗ ಕೆಲಸ ಮುಗಿದಿತ್ತು. ಪರದೆ ಆರಿಸಿದ್ದರು. ಮಧುಶ್ರೀ ತನ್ನ ಫೋನನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಎಲ್ಲಿ ಇಟ್ಟಿರಿ, ಏನು ಹೆಸರು ಕೊಟ್ಟಿರಿ, ಡಿಸ್ಕಿನಲ್ಲಿ ಒಂದು ಕಾಪಿ ಇದೆಯೋ ಇಲ್ಲವೋ ಎಂದು ಉಮಾಶಂಕರ ಕೇಳಿದ. ಕಾವ್ಯಶ್ರೀ ಅವನ ಕೈಯಿಂದ ಫ್ಲಾಸ್ಕು ತೆಗೆದುಕೊಂಡು ಲೋಟಗಳಿಗೆ ಬಗ್ಗಿಸಿದಳು. ಕುಮಾರ್ ಸಕ್ಕರೆ ಸಾಲದೆಂದ. ಮೂವರೂ ಟೀ ಕುಡಿದರು. ಅವನು ಮತ್ತೆ ಕೇಳಿದಾಗ ಕಾವ್ಯಶ್ರೀ ಖಾಲಿ ಫ್ಲಾಸ್ಕನ್ನು ಅವನ ಕೈಗಿತ್ತಳು.